ಭತ್ತದ ತೆನೆ ಬಿಟ್ಟು ಹೆಸರುಕಾಯಿ ಹಿಡಿದೆ: ಶಾಲೆಯ ಹಬ್ಬಗಳ ನನ್ನ ಅನುಭವ

ಹೋದ ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ನಮ್ಮ ಶಾಲೆಯ ಹೆಸರುಕಾಳಿನ ಪಾಯಸದ ದೊಡ್ಡ ಪಾತ್ರೆ ಹನ್ನೊಂದೂವರೆಗೇ ಖಾಲಿ. ತಳಕ್ಕೆ ಹತ್ತಿದ್ದನ್ನೂ ಎಂಟನೇ ಕ್ಲಾಸಿನ ಹುಡುಗರು ಸೌಟಿನಲ್ಲಿ ಕೆರೆದು ತಿಂದರು. 'ಇದೆಲ್ಲ ನಮ್ಮ ಕಲಬುರಗಿಯಲ್ಲಿ ನಡೆಯಲ್ಲ' ಅಂದಿದ್ದ ಗಣಿತದ ಸರ್ ಎರಡನೇ ಸಲ ಲೋಟ ಹಿಡಿದು ಸಾಲಿನಲ್ಲಿ ನಿಂತಿದ್ದರು. ನಾನು ಏನೂ ಅನ್ನಲಿಲ್ಲ. ಆದರೆ ನೋಡಿದೆ.

ಕಾನ್ವೆಂಟ್ ಶಾಲೆಗಳಲ್ಲಿ ಹಬ್ಬ, ಆ್ಯಕ್ಟಿವಿಟಿ ನೋಡಿಕೊಳ್ಳುವವರಿಗೆ ಅಸೆಂಬ್ಲಿ, ಸರ್ಕ್ಯುಲರ್, ಚಾರ್ಟ್ ಎಲ್ಲ ಗೊತ್ತಿದ್ದದ್ದೇ. ಅದನ್ನು ಬಿಟ್ಟು, ನಾನು ಎಲ್ಲಿ ಬಿದ್ದೆ, ಎಷ್ಟು ದುಡ್ಡು ಹೋಯಿತು ಅನ್ನೋದನ್ನ ಬರೆಯುತ್ತೇನೆ.

ನಮ್ಮಲ್ಲಿ ಸುಮಾರು 640 ಮಕ್ಕಳು. ಕಥೋಲಿಕ ಮಕ್ಕಳು ಮೂವತ್ತೋ ಮೂವತ್ತೆರಡೋ. ಈ ಕೆಲಸ ನನ್ನ ತಲೆಗೆ ಬಿದ್ದದ್ದು 2017ರಲ್ಲಿ. ನಾನು ಕರಾವಳಿಯ ಹೆಣ್ಣುಮಗಳು, ಮದುವೆಯಾಗಿ ಇಲ್ಲಿಗೆ ಬಂದವಳು. ಹಬ್ಬ ಅಂದರೆ ನನಗೆ ಬ್ಯಾಂಡು, ಹೂವು, ಚರ್ಚಿನ ತುಂಬ ಜನ. ಇಲ್ಲಿ ಹಾಗಿಲ್ಲ. ಕಲಬುರಗಿ, ಬೀದರ, ಯಾದಗಿರಿ ಸೇರಿದ ನಮ್ಮ ಧರ್ಮಪ್ರಾಂತವೇ (ಒಬ್ಬ ಬಿಷಪ್ಪರ ಕೆಳಗಿನ ಪ್ರದೇಶ) ಆದದ್ದು 2005ರಲ್ಲಿ. ಬೀದರ ಕಡೆ ಕ್ರೈಸ್ತರು ಜಾಸ್ತಿ ಇದ್ದರೂ ಅವರಲ್ಲಿ ಬಹಳ ಜನ ಮೆಥೊಡಿಸ್ಟರು, ಅಂದರೆ ಪ್ರೊಟೆಸ್ಟಂಟ್ ಪಂಗಡದವರು. ಅವರ ಮಕ್ಕಳಿಗೂ ನಮ್ಮ ಸಂತರ ಹಬ್ಬಗಳು ಹೊಸವೇ.

ಮೊದಲೆರಡು ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸ್ಟೇಜ್. ಶಾಮಿಯಾನ, ಸೌಂಡು ಸೇರಿ ಹನ್ನೆರಡು ಸಾವಿರ. ಬಾಡಿಗೆ ಡ್ರೆಸ್ಸಿಗೆ ಎಂಟೊಂಬತ್ತು ಸಾವಿರ. ಕ್ರಿಸ್ಮಸ್ ಸೇರಿಸಿದರೆ 2018ರ ಒಟ್ಟು ಖರ್ಚು ನಲವತ್ತೈದು ಸಾವಿರದ ಆಚೆ ಹೋಯಿತು. ಹಬ್ಬ ಆದ ಮರುದಿನ ಆರನೇ ಕ್ಲಾಸಿಗೆ ಹೋಗಿ 'ನಿನ್ನೆ ಏನಿತ್ತು?' ಅಂತ ಕೇಳಿದೆ. 'ಡ್ಯಾನ್ಸ್ ಇತ್ತು ಮಿಸ್' ಅಂದರು. ಯಾರ ಹಬ್ಬ ಅಂದರೆ ಒಬ್ಬರಿಗೂ ಗೊತ್ತಿಲ್ಲ. ಸಂತನ ವೇಷ ಹಾಕಿದ ಹುಡುಗನಿಗೇ ತಾನು ಯಾರಾಗಿದ್ದೆ ಅನ್ನೋದು ಮರೆತಿತ್ತು. ಗಡ್ಡ ಕೆರೆಯುತ್ತಿದ್ದದ್ದು ಮಾತ್ರ ನೆನಪಿತ್ತು.

ಅದೇ ವರ್ಷ ಇನ್ನೊಂದು ಪೆದ್ದುತನ ಮಾಡಿದೆ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ನಮ್ಮ ಊರ ಕಡೆ ಅದೇ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ಅರ್ಪಿಸುತ್ತಾರೆ, ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತೇವೆ, ಅದರ ನಾಲ್ಕು ಕಾಳು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಕೂತು ಉಣ್ಣುತ್ತೇವೆ. ಇಲ್ಲೂ ಹಾಗೇ ಆಗಲಿ ಅಂತ ಅಣ್ಣನಿಗೆ ಹೇಳಿ ಮಂಗಳೂರಿನಿಂದ ಬಸ್ಸಿನಲ್ಲಿ ತೆನೆ ತರಿಸಿದೆ. ಒಂದು ರಾತ್ರಿ, ಅರ್ಧ ಹಗಲು. ಬಂದಾಗ ಒದ್ದೆ ಗೋಣಿಯಲ್ಲಿ ಬೆಂದು ಹೋಗಿತ್ತು, ಕಮಟು ವಾಸನೆ. ಪಾರ್ಸೆಲ್, ಆಟೊ, ಹೂವು ಎಲ್ಲ ಸೇರಿ ಮೂರೂವರೆ ಸಾವಿರ ನನ್ನ ಕೈಯಿಂದಲೇ ಹೋಯಿತು. ಆಫೀಸಿನಲ್ಲಿ ಬಿಲ್ ಕೊಡಲು ನಾಚಿಕೆ.

ಯಾದಗಿರಿಯ ಶಹಾಪುರ, ಸುರಪುರ ಕಡೆ ಭತ್ತ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆದರೆ ಕಾಲುವೆ ನೀರು ನಂಬಿ ನಾಟಿ ಮಾಡುವವರು ಸೆಪ್ಟೆಂಬರ್ ಮೊದಲ ವಾರಕ್ಕೆ ತೆನೆ ಎಲ್ಲಿಂದ ಕೊಡುತ್ತಾರೆ? ಅದನ್ನೂ ವಿಚಾರಿಸಿ ಸೋತಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ಒಬ್ಬ ಹುಡುಗಿಯ ಮುತ್ಯಾ. ಅವತ್ತು ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದರು. ಆ ಬಾಡಿದ ತೆನೆ ಕೈಗೆ ತಗೊಂಡು ನೋಡಿದರು. 'ಅಕ್ಕೋರೇ, ಇದು ಯಾವ ಊರ ತೆನಿರೀ? ನಮ್ಮ ಹೊಲದಾಗ ಈಗ ಬಂದದ್ದು ಹೆಸರು. ಅದನ್ನ್ಯಾಕ ಬಿಟ್ಟೀರಿ?' ಅಂದರು. ಜೋಳ ತರಿಸೋಣವಾ ಅಂತ ನಾನು ಕೇಳಿದ್ದಕ್ಕೆ ನಕ್ಕುಬಿಟ್ಟರು. 'ಬಿಳಿಜ್ವಾಳ ಇನ್ನ ಬಿತ್ತೇ ಇಲ್ರೀ.'

ಜೂನ್‌ನಲ್ಲಿ ಬಿತ್ತಿದ ಹೆಸರು ಎರಡು ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ಅಂದರೆ ಸರಿಯಾಗಿ ನಮ್ಮ ಹಬ್ಬದ ಹೊತ್ತಿಗೆ ಈ ಭಾಗದ ಹೊಸ ಬೆಳೆ ಅಂದರೆ ಅದೇ. ಹದಿನೈದು ವರ್ಷ ಇಲ್ಲಿದ್ದೂ ನನಗೆ ಹೊಳೆದಿರಲಿಲ್ಲ. ತೊಗರಿ ಕಣಜ ಅಂತ ಹೇಳಿ ಹೇಳಿ ಉಳಿದದ್ದೇ ಕಾಣಲ್ಲ ಅಲ್ವಾ?

ಫಾದರ್ ಒಪ್ಪಲು ಸ್ವಲ್ಪ ದಿನ ಹಿಡಿಯಿತು. 'ಹೆಸರುಕಾಯಿಗೆ ಆಶೀರ್ವಾದವಾ?' ಅಂತ ಕೇಳಿದರು. ಹಬ್ಬ ಹೊಸ ಫಸಲಿಗೆ ಕೃತಜ್ಞತೆ ಹೇಳೋದಕ್ಕೆ, ಭತ್ತಕ್ಕೇ ಅಂತ ಎಲ್ಲೂ ಬರೆದಿಲ್ಲ ಅಂದೆ. ಸುಮ್ಮನಾದರು. ಅಷ್ಟರಲ್ಲಿ ಕೋವಿಡ್ ಬಂತು. ಹಾಗಾಗಿ ಮೊದಲ ಪ್ರಯೋಗ ಆದದ್ದು 2022ರಲ್ಲಿ.

ಲೆಕ್ಕ ಸರಳ: ಒಬ್ಬೊಬ್ಬರು ಒಂದು ಹಿಡಿ ಹೆಸರು ತರಬೇಕು. ಹೊಲ ಇದ್ದವರು ಕಾಯಿ ತರಲಿ, ಇಲ್ಲದವರು ಮನೆಯ ಡಬ್ಬಿಯಿಂದ ಕಾಳು ತರಲಿ. ಇಪ್ಪತ್ತು ಇಪ್ಪತ್ತೆರಡು ಕಿಲೊ ಬಂತು. ಅಂಗಡಿಯಲ್ಲಿ ಕೊಂಡಿದ್ದರೆ ಎರಡು ಸಾವಿರ ಹತ್ತಿರ ಆಗುತ್ತಿತ್ತು. ಬೆಲ್ಲ, ಏಲಕ್ಕಿ, ಗ್ಯಾಸಿಗೆ ನನ್ನ ಖರ್ಚು ಸಾವಿರದ ಇನ್ನೂರು. ಆದರೆ ಪಾಯಸ ಹಾಳಾಯಿತು. ಹೊಸ ಕಾಳು, ಎರಡು ವರ್ಷದ ಹಳೆ ಕಾಳು, ಪ್ಯಾಕೆಟ್ ಬೇಳೆ ಎಲ್ಲ ಒಂದೇ ಪಾತ್ರೆಗೆ ಸುರಿದಿದ್ದೆವು. ಬೇಳೆ ಗಂಜಿಯಾಯಿತು, ಹಳೆ ಕಾಳು ಕಲ್ಲಿನಂತೆ ಹಲ್ಲಿಗೆ ಸಿಗುತ್ತಿತ್ತು. ಗಣಿತದ ಸರ್ ಒಂದು ಚಮಚ ತಿಂದು ಲೋಟ ಕೆಳಗಿಟ್ಟರು. ಮುಂದಿನ ವರ್ಷದಿಂದ ನಮ್ಮ ಅಡುಗೆಯ ಅಕ್ಕ ಒಂದು ಉಪಾಯ ಮಾಡುತ್ತಾರೆ, ಎಲ್ಲ ಕಾಳೂ ಒಂದೇ ಹದಕ್ಕೆ ಬೇಯುತ್ತವೆ. ಅದು ಅವರ ಸೊತ್ತು, ನಾನು ಹೇಳುವ ಹಾಗಿಲ್ಲ. ನೆನೆಹಾಕುವುದಲ್ಲ ಅಂತ ಮಾತ್ರ ಹೇಳುತ್ತೇನೆ.

ಮತ್ತೊಂದು ವರ್ಷ ಹಬ್ಬಕ್ಕೆ ಮುಂಚೆ ವಾರವಿಡೀ ಮಳೆ. ಹೆಸರು ಗಿಡದಲ್ಲೇ ಮೊಳಕೆ ಒಡೆಯಿತು. ಏಳನೇ ಕ್ಲಾಸಿನ ಒಬ್ಬಳು ಬಿಳಿ ಬಾಲ ಬಂದಿದ್ದ ಕಾಯಿಗಳನ್ನೇ ಕಾಗದದಲ್ಲಿ ಕಟ್ಟಿ ತಂದಳು. 'ಮಿಸ್, ಈ ಸಲ ನಮ್ಮ ಹೊಲದಾಗ ಇಷ್ಟೇ' ಅಂದಳು. ಆ ಪೊಟ್ಟಣವನ್ನೇ ಫಾದರ್ ಎಲ್ಲಕ್ಕಿಂತ ಮುಂದೆ ಇಟ್ಟರು. ಅವತ್ತು ಅಸೆಂಬ್ಲಿಯಲ್ಲಿ ಯಾರೂ ಗುಸುಗುಸು ಅನ್ನಲಿಲ್ಲ.

ಕಾಯಿ ಚೆನ್ನಾಗಿ ಒಣಗಿದ್ದರೆ ಮಜಾ ಬೇರೆ. ಕರಿ ಕಾಯಿಯನ್ನು ಬೆರಳಿನಲ್ಲಿ ಒತ್ತಿದರೆ ಟಪ್ ಅಂತ ಸೀಳಿ ಹಗ್ಗದ ಹಾಗೆ ಹುರಿಗೊಳ್ಳುತ್ತದೆ, ಕಾಳು ಹಾರಿ ಮುಂದಿನ ಬೆಂಚಿನವರ ಕಾಲರಿಗೆ ಬೀಳುತ್ತದೆ. ಸಿಟಿ ಮಕ್ಕಳಿಗೆ ಅರ್ಧ ದಿನ ಅದೇ ಆಟ. ಆ ಆಟದ ಮಧ್ಯೆ ನಾನು ಹಬ್ಬದ ಮಾತು ಹೇಳಿಬಿಡುತ್ತೇನೆ, ಐದು ನಿಮಿಷ. ಚರ್ಚಿನ ಪಂಚಾಂಗದಲ್ಲಿ ಮೂರೇ ಮೂರು ಹುಟ್ಟುಹಬ್ಬ ಇವೆ: ಯೇಸು, ಮರಿಯಮ್ಮ, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನ. ಉಳಿದ ಸಂತರಿಗೆ ಸಾಮಾನ್ಯವಾಗಿ ತೀರಿಕೊಂಡ ದಿನವೇ ಹಬ್ಬ. ಮರಿಯಮ್ಮ ತಾಯಿಯ ಗರ್ಭಕ್ಕೆ ಬಂದದ್ದನ್ನು ನೆನೆಯುವ ಡಿಸೆಂಬರ್ 8ರ ಹಬ್ಬದಿಂದ ಸೆಪ್ಟೆಂಬರ್ 8ಕ್ಕೆ ಸರಿಯಾಗಿ ಒಂಬತ್ತು ತಿಂಗಳು, ಯೇಸು ಗರ್ಭಕ್ಕೆ ಬಂದದ್ದನ್ನು ನೆನೆಯುವ ಮಾರ್ಚ್ 25ರಿಂದ ಕ್ರಿಸ್ಮಸ್‌ಗೂ ಅಷ್ಟೇ. ಈ ಲೆಕ್ಕ ಮಕ್ಕಳಿಗೆ ತುಂಬ ಇಷ್ಟ. ಗಣಿತದ ಸರ್‌ಗೂ.

ಹೂವಿನ ಖರ್ಚೂ ನಿಂತಿತು. ಗಣೇಶ ಹಬ್ಬ ಹತ್ತಿರ ಬಂದರೆ ಚೆಂಡು ಹೂವಿನ ರೇಟು ಏರುತ್ತದೆ. 2024ರಲ್ಲಂತೂ ಚೌತಿ 7ಕ್ಕೆ, ನಮ್ಮದು 8ಕ್ಕೆ. ಈಗ ರಸ್ತೆ ಬದಿಯ ತಂಗಡಿ ಹೂವು ತರುತ್ತಾರೆ. ಹಳದಿಗೆ ಹಳದಿ, ಕಾಸಿಗೆ ಕಾಸು ಉಳಿಯಿತು.

ಇದಾದ ಮೇಲೆ ನಾನು ಸ್ಟೇಜ್ ಬಿಟ್ಟೆ. ವರ್ಷಕ್ಕೆ ಹದಿನಾಲ್ಕು ಹಬ್ಬ ಇದ್ದದ್ದನ್ನು ಆರಕ್ಕೆ ಇಳಿಸಿದೆ. ಒಂದು ಹಬ್ಬಕ್ಕೆ ಒಂದು ಕೈಕೆಲಸ, ಭಾಷಣ ಇಲ್ಲ. ಬಲಿಪೂಜೆ (ಫಾದರ್ ನಡೆಸುವ ಮಾಸ್) ಬೆಳಿಗ್ಗೆ ಚರ್ಚಿನಲ್ಲಿ, ಅದು ನಮ್ಮ ಕಥೋಲಿಕ ಮಕ್ಕಳಿಗೆ ಮಾತ್ರ. ಉಳಿದವರನ್ನು ಪ್ರಾರ್ಥನೆಗೆ ಎಳೆಯುವುದಿಲ್ಲ. ಪೋಷಕರ ಒಪ್ಪಿಗೆ ಇಲ್ಲದೆ ಹಾಗೆ ಮಾಡುವಂತಿಲ್ಲ ಅಂತ ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಕಾನೂನು ಇರದಿದ್ದರೂ ನಾನು ಮಾಡುತ್ತಿರಲಿಲ್ಲ. ಜೂನ್‌ನಲ್ಲೇ ಪೋಷಕರಿಗೆ ಒಂದು ಪತ್ರ ಹೋಗುತ್ತದೆ. ಅದು ಹೋಗಲು ಶುರುವಾದ ಮೇಲೆ ಒಂದೂ ತಕರಾರು ಬಂದಿಲ್ಲ. ಅದರ ಮೊದಲ ಸಾಲಿನಲ್ಲೇ ಎಲ್ಲ ಇದೆ, ಅದನ್ನು ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಇಲ್ಲಿ ಹಾಕಲ್ಲ. ಬೇಕಾದವರು ಶಾಲೆಗೆ ಬನ್ನಿ, ಚಹಾ ಕುಡಿಸಿ ತೋರಿಸುತ್ತೇನೆ. ಎರಡು ಶಾಲೆಯವರು ಈಗಾಗಲೇ ಬಂದು ನಕಲು ಮಾಡಿಕೊಂಡು ಹೋಗಿದ್ದಾರೆ.

ಜೂನ್ 13, ಸಂತ ಅಂತೋಣಿಯವರ ಹಬ್ಬ. ಅವರ ಹೆಸರಲ್ಲಿ ಬಡವರಿಗೆ ರೊಟ್ಟಿ ಹಂಚುವುದು ಹಳೆ ಪದ್ಧತಿ. ನಮ್ಮಲ್ಲಿ ಬ್ರೆಡ್ ಯಾಕೆ, ಕಡಕ್ ರೊಟ್ಟಿ ಇಲ್ವಾ? ತಲೆಗೆರಡು ಅಂದೆ. ಸಾವಿರದ ಹತ್ತಿರ ಬಂತು. ಬಂದದ್ದರಲ್ಲಿ ಅರ್ಧ ಸ್ಕೂಲ್ ಬ್ಯಾಗಿನಲ್ಲಿ ನುಚ್ಚಾಗಿತ್ತು. ವೃದ್ಧಾಶ್ರಮದವರು ಬೇಸರ ಮಾಡಿಕೊಳ್ಳಲಿಲ್ಲ, ಮಜ್ಜಿಗೆಯಲ್ಲಿ ಕಲಸಿ ತಿಂದರಂತೆ. ಈಗ ಆನ್ಸರ್ ಶೀಟ್ ಬರುವ ರಟ್ಟಿನ ಡಬ್ಬಿಗಳನ್ನು ಹಿಂದಿನ ದಿನವೇ ಕ್ಲಾಸಿಗೊಂದು ಕೊಟ್ಟು, ನಡುವೆ ಹಳೆ ಬಟ್ಟೆ ಹಾಸುತ್ತೇವೆ.

ಜುಲೈ 26 ಮರಿಯಮ್ಮನ ತಂದೆತಾಯಿ ಜೊವಾಕಿಂ ಮತ್ತು ಅನ್ನಮ್ಮನವರ ಹಬ್ಬ. ಅಂದರೆ ಯೇಸುವಿನ ಅಜ್ಜ, ಅಜ್ಜಿ. ಬೈಬಲ್‌ನಲ್ಲಿ ಅವರ ಹೆಸರೂ ಇಲ್ಲ. ಅವತ್ತು ಮುತ್ಯಾ, ಆಯಿ, ದಾದಿ, ನಾನಿ ಎಲ್ಲರಿಗೂ ಶಾಲೆಗೆ ಕರೆ. ಮೊದಲ ವರ್ಷ ಕುರ್ಚಿ ಹಾಕಿ ಸಾಲಾಗಿ ಕೂರಿಸಿದೆ. ತಪ್ಪು. ಗಂಟಲು ಕಟ್ಟಿದವರಂತೆ ಕೂತಿದ್ದರು. ಮರುವರ್ಷ ಚಾಪೆ ಹಾಸಿ ಕ್ಲಾಸಿನೊಳಗೇ ಕೂರಿಸಿದೆ. ಒಬ್ಬ ಆಯಿ ಬೀಸುಕಲ್ಲಿನ ಪದ ಶುರು ಮಾಡಿದರೆ ಊಟದ ಬೆಲ್ ಆದರೂ ನಿಲ್ಲಿಸಲಿಲ್ಲ. ಖರ್ಚು ಚಹಾ, ಖಾರ ಚುರುಮುರಿ ಅಷ್ಟೆ.

ನವೆಂಬರ್ 1 ಸಕಲ ಸಂತರ ಹಬ್ಬ. ಅವತ್ತೇ ರಾಜ್ಯೋತ್ಸವ. ಮೊದಲು ಇದು ತಲೆನೋವು ಅನ್ನಿಸುತ್ತಿತ್ತು. ಆ ಹಬ್ಬ ಹೆಸರಾದ ಸಂತರಿಗಷ್ಟೇ ಅಲ್ಲ, ಯಾರಿಗೂ ಗೊತ್ತಿಲ್ಲದ ಸಂತರಿಗೂ ಸೇರಿದ್ದು. ಅದಕ್ಕೆ 'ನಮ್ಮ ಓಣಿಯ ಸಂತರು' ಅಂತ ಕನ್ನಡದಲ್ಲಿ ಒಂದು ಪುಟ ಬರೆಸಿದೆ. ಶರಣಬಸವೇಶ್ವರರ, ಬಂದೇನವಾಜರ ಊರಿನ ಮಕ್ಕಳಿಗೆ ಸಂತ ಅಂದರೆ ಯಾರು ಅಂತ ವಿವರಿಸಬೇಕಿಲ್ಲ ಅಂದುಕೊಂಡಿದ್ದೆ. ಐದನೇ ಕ್ಲಾಸಿನ ಒಬ್ಬ ಸಂತ ಅಂದರೆ ಸಂತೆ ಅಂದುಕೊಂಡು ಗುರುವಾರದ ಸಂತಿ, ಭಾನುವಾರದ ಸಂತಿ ಅಂತ ಪಟ್ಟಿ ಮಾಡಿ ತಂದ, ಬದನೆಕಾಯಿ ರೇಟಿನ ಸಮೇತ. ಇನ್ನೊಬ್ಬ ಬರೆದದ್ದು ನೀರಿನ ಟ್ಯಾಂಕರ್ ಡ್ರೈವರ್ ಬಗ್ಗೆ: 'ಅವರು ಬೈತಾರ, ಆದ್ರ ಒಂದ್ ದಿನಾನೂ ತಪ್ಪಸಂಗಿಲ್ಲ.' ನಾನು ಕಾಗುಣಿತ ತಿದ್ದಲಿಲ್ಲ. ಹಾಗೇ ಗೋಡೆಗೆ ಅಂಟಿಸಿದೆ.

ಮಾರ್ಚ್ 19, ಮರಿಯಮ್ಮನ ಪತಿ, ಬಡಗಿ ಸಂತ ಜೋಸೆಫರ ಹಬ್ಬ, ಮುರಿದ ಬೆಂಚುಗಳ ರಿಪೇರಿಗೆ. ಇದರಲ್ಲಿ ಎರಡು ಸಲ ಎಡವಿದೆ. ಮೊದಲ ಸಲ ಮಕ್ಕಳ ಕೈಗೆ ಸುತ್ತಿಗೆ ಕೊಟ್ಟೆ. ಒಬ್ಬನ ಹೆಬ್ಬೆರಳು ಊದಿತು, ಆಫೀಸಿನಿಂದ ನನಗೆ ಕರೆ ಬಂತು. ಈಗ ಮೊಳೆ ಹೊಡೆಯುವುದು ಬಡಿಗೇರ ಅಣ್ಣ, ಮಕ್ಕಳದ್ದು ಬರೀ ಉಪ್ಪುಕಾಗದ ಉಜ್ಜುವುದು, ಪಾಲಿಶ್. ಎರಡನೆಯದು 2023ರಲ್ಲಿ. ಸರ್ಕ್ಯುಲರ್ ಹೊರಟ ಮೇಲೆ ನೋಡಿದರೆ 19 ಭಾನುವಾರ. ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಭಾನುವಾರಕ್ಕೆ ಈ ಹಬ್ಬ ಬಿದ್ದರೆ ಅದು ಸಾಮಾನ್ಯವಾಗಿ ಸೋಮವಾರಕ್ಕೆ ಹೋಗುತ್ತದೆ. ಬೇರೆಯವರಿಗೆ ಪಾಠ ಹೇಳುವ ನನಗೇ ಮರೆತಿತ್ತು! ಮೂವತ್ತು ಬೆಂಚಿಗೆ ಹೊರಗಿನವರು ಏಳೆಂಟು ಸಾವಿರ ಕೇಳಿದ್ದರು. ನಮಗೆ ಮೂರರಲ್ಲಿ ಮುಗಿಯಿತು. ಈಗ ವರ್ಷದ ಆರೂ ಹಬ್ಬ ಸೇರಿ ಹದಿನೈದು ಸಾವಿರ ದಾಟಲ್ಲ.

ಕ್ರಿಸ್ಮಸ್ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ) ಮಾತ್ರ ಇನ್ನೂ ಸರಿ ಹೋಗಿಲ್ಲ. ಅಂಗಡಿ ಬೊಂಬೆ ಬೇಡ ಅಂತ ನಮ್ಮ ಎರೆಮಣ್ಣಿನಲ್ಲೇ ಮಾಡಿಸಿದೆ. ಒಣಗುತ್ತಾ ಬಿರುಕು ಬಿಟ್ಟು ಸಂತ ಜೋಸೆಫರ ತಲೆ ಕಳಚಿತು. ಹೊಟ್ಟು ಕಲಸಿದೆ, ಸಗಣಿ ಕಲಸಿದೆ. ಕುರಿಗಳು ನಿಂತವು, ಮನುಷ್ಯರು ನಿಲ್ಲಲಿಲ್ಲ. ಹೋದ ಡಿಸೆಂಬರ್‌ನಲ್ಲಿ ಕುಂಬಾರರ ಮಣ್ಣು ತಂದು ಬೊಂಬೆ ಗೆದ್ದೆ. ನೆಲಕ್ಕೆ ಶಹಾಬಾದ ಕಲ್ಲಿನ ತುಂಡು, ಮೇಲೆ ಜೋಳದ ಕಣಕಿಯ ಚಪ್ಪರ. ಚೆನ್ನಾಗೇ ಇತ್ತು. 23ರ ರಾತ್ರಿ ವಾಚ್‌ಮ್ಯಾನ್ ಗೇಟು ಮುಚ್ಚಲು ಮರೆತ. ಬೆಳಿಗ್ಗೆ ನೋಡಿದರೆ ಓಣಿಯ ಎಮ್ಮೆ ಅರ್ಧ ಚಪ್ಪರ ತಿಂದು, ಬಾಲಯೇಸುವಿನ ಪಕ್ಕದಲ್ಲೇ ಮೆಲುಕು ಹಾಕುತ್ತಾ ಮಲಗಿತ್ತು. ಮಕ್ಕಳು ಅದನ್ನು ಓಡಿಸಲು ಬಿಡಲಿಲ್ಲ.