ಕುಡಿಯೋ ನೀರಲ್ಲಿ ಥಾಲೇಟ್ ಇದೆಯಾ ಅಂತ ಟೆಸ್ಟ್ ಮಾಡಿಸೋದು ಹೇಗೆ (ತೋಟದ ಮನೆಯವರು ಓದಿ)

ನಮ್ಮ ಕೊಡಗಲ್ಲಿ ತುಂಬಾ ತೋಟದ ಮನೆಗಳಿಗೆ ನೀರು ಬರೋದು ಮೇಲ್ಗಡೆ ಬೆಟ್ಟದ ಒರತೆಯಿಂದ, ಪೈಪ್ ಎಳೆದು ಬಿಟ್ರೆ ಕರೆಂಟ್ ಇಲ್ದಿದ್ರೂ ತಾನಾಗೇ ಇಳ್ಕೊಂಡು ಬರುತ್ತೆ. ಒರತೆ ಚೆನ್ನಾಗಿರಬಹುದು, ಆದ್ರೆ ನೀರು ಬರೋ ದಾರಿನ ಒಂದ್ಸಲ ನಡ್ಕೊಂಡು ಹೋಗಿ ನೋಡಿ. ಆನೆ ತುಳಿದು ಒಡೆದ ಜಾಗದಲ್ಲಿ, ಮರ ಬಿದ್ದ ಜಾಗದಲ್ಲಿ, ಅವಸರಕ್ಕೆ ಅಂತ ಮೆತ್ತನೆ ಗಾರ್ಡನ್ ಪೈಪ್ ತುಂಡು ಸಿಕ್ಕಿಸಿ ತಂತಿ ಬಿಗಿದಿರ್ತಾರೆ, ಅದು ವರ್ಷಗಟ್ಲೆ ಹಾಗೇ ಇರುತ್ತೆ. ಲೈನ್ ಮನೆಗಳಲ್ಲಂತೂ ನಲ್ಲಿಯಿಂದ ಡ್ರಮ್‌ಗೆ ಅದೇ ಪೈಪ್.

ಈ ಮೆತ್ತನೆ ಪೈಪ್ ಸಾಮಾನ್ಯವಾಗಿ ಪಿವಿಸಿ ಪ್ಲಾಸ್ಟಿಕ್‌ದು. ಪಿವಿಸಿ ಹುಟ್ಟಾ ಗಟ್ಟಿ, ಅದು ಬಳುಕೋ ಹಾಗೆ ಮಾಡೋಕೆ ಥಾಲೇಟ್ ಅನ್ನೋ ಕೆಮಿಕಲ್ ಸೇರಿಸ್ತಾರೆ, ಮೆತ್ತನೆ ಪಿವಿಸಿಯಲ್ಲಿ ತೂಕದ 30-40% ತನಕ ಇದೇ ಇರಬಹುದು. ಇದು ಪ್ಲಾಸ್ಟಿಕ್ ಜೊತೆ ಬೆಸೆದುಕೊಂಡಿರಲ್ಲ, ಮಧ್ಯೆ ಸುಮ್ನೆ ಕೂತಿರುತ್ತೆ, ಹಾಗಾಗಿ ನಿಧಾನಕ್ಕೆ ಹೊರಗೆ ಬರುತ್ತೆ, ಬಿಸಿಲಿಗೆ ಕಾದ್ರೆ ಇನ್ನೂ ಜಾಸ್ತಿ. ಹಳೇ ಪೈಪ್ ಗಡುಸಾಗಿ ಬಿರುಕು ಬಿಡೋಕೆ ಇದೂ ಒಂದು ಕಾರಣ. ಕಪ್ಪು ಎಚ್‌ಡಿಪಿಇ ಪೈಪ್, ಗಟ್ಟಿ ಯುಪಿವಿಸಿ ಪೈಪ್, ಪಾಲಿಥೀನ್ ಟ್ಯಾಂಕ್, ಇವಕ್ಕೆಲ್ಲ ಥಾಲೇಟ್ ಬೇಕಾಗಲ್ಲ. ನಿಮ್ಮ ಲೈನ್ ಪೂರ್ತಿ ಇವೇ ಆಗಿದ್ರೆ ಈ ಟೆಸ್ಟ್‌ಗೆ ದುಡ್ಡು ಹಾಕ್ಬೇಡಿ ಅಂತಲೇ ನಾನು ಹೇಳೋದು.

ಆರೋಗ್ಯದ ವಿಷಯಕ್ಕೆ ಬಂದ್ರೆ ಜಾಸ್ತಿ ಯೋಚನೆ ಮಾಡ್ಬೇಕಿರೋದು ಡಿಇಎಚ್‌ಪಿ ಅನ್ನೋ ಒಂದು ಬಗೆಯ ಥಾಲೇಟ್ ಬಗ್ಗೆ. ಗರ್ಭದಲ್ಲಿರೋ ಗಂಡು ಮರಿಗಳ ಹಾರ್ಮೋನ್ ಮತ್ತು ಜನನಾಂಗದ ಬೆಳವಣಿಗೆಗೆ ತೊಂದರೆ ಮಾಡುತ್ತೆ ಅಂತ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮಾಡಿರೋ ಪಟ್ಟೀಲಿ 2ಬಿ ಗುಂಪಲ್ಲೂ (ಮನುಷ್ಯರಿಗೆ ಕ್ಯಾನ್ಸರ್ ತರಬಹುದು ಅನ್ನೋ ಗುಂಪು) ಇದೆ. ಬಸುರಿಯರು, ಎಳೆ ಮಕ್ಕಳು ಇರೋ ಮನೆಯವರು ಇದನ್ನ ಹಗುರವಾಗಿ ತಗೋಬೇಡಿ. ಆದ್ರೆ ಗಾಬರಿನೂ ಬೇಡ, ಇದು ದೇಹದಲ್ಲಿ ಕೂತ್ಕೊಳ್ಳಲ್ಲ, ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗುತ್ತೆ, ದಿನಾ ಒಳಗೆ ಹೋಗೋದನ್ನ ನಿಲ್ಲಿಸಿದ್ರೆ ಕಡಿಮೆಯಾಗುತ್ತೆ. ಇನ್ನೊಂದು, ಡಿಇಎಚ್‌ಪಿ ನೀರಲ್ಲಿ ಕರಗೋದು ತೀರಾ ಕಮ್ಮಿ, ಎಣ್ಣೆ ಕೊಬ್ಬಲ್ಲಿ ಚೆನ್ನಾಗಿ ಕರಗುತ್ತೆ. ನೀರಿಗಿಂತ ಊಟದಿಂದ್ಲೇ ಜಾಸ್ತಿ ಸೇರೋದು, ಬಿಸಿ ಬಿಸಿ ಪಂದಿ ಕರಿನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಸ್ಕೊಂಡು ಬರೋರು ಸ್ಟೀಲ್ ಕ್ಯಾರಿಯರ್ ತಗೊಂಡು ಹೋಗಿ.

ಈಗ ಟೆಸ್ಟ್. ಫಿಲ್ಟರ್ ಮಾರೋರು ತರೋ ಟಿಡಿಎಸ್ ಮೀಟರ್ ಕರಗಿದ ಲವಣ ಅಷ್ಟೇ ನೋಡೋದು, ಥಾಲೇಟ್ ಅದಕ್ಕೆ ಗೊತ್ತಾಗಲ್ಲ. ಸಾಮಾನ್ಯವಾಗಿ ಮಾಡಿಸೋ ಗಡಸುತನ, ಕಬ್ಬಿಣ, ಕೋಲಿಫಾರ್ಮ್ ಟೆಸ್ಟಲ್ಲೂ ಬರಲ್ಲ. ಇದಕ್ಕೆ ಜಿಸಿ-ಎಂಎಸ್ ಮೆಷಿನ್ (ಕೆಮಿಕಲ್‌ಗಳನ್ನ ಬೇರೆ ಬೇರೆ ಮಾಡಿ ಗುರುತಿಸಿ ಅಳೆಯೋದು) ಇರೋ ಲ್ಯಾಬ್ ಬೇಕು, ಮೈಸೂರು ಬೆಂಗಳೂರು ಕಡೆ ಹುಡುಕ್ಬೇಕು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಎನ್‌ಎಬಿಎಲ್ ಸಂಸ್ಥೆಯ ವೆಬ್‌ಸೈಟಲ್ಲಿ ಯಾವ ಲ್ಯಾಬ್‌ಗೆ ಯಾವ ಟೆಸ್ಟ್‌ಗೆ ಮಾನ್ಯತೆ ಇದೆ ಅಂತ ಸಿಗುತ್ತೆ. ಫೋನ್ ಮಾಡಿ ರೇಟ್ ಕೇಳೋಕೆ ಮುಂಚೆ ಇದನ್ನ ಕೇಳಿ: "ನೀರಲ್ಲಿ ಡಿಇಎಚ್‌ಪಿ ಎಷ್ಟು ಕಡಿಮೆ ತನಕ ಅಳೀತೀರಾ?" ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 8 ಮೈಕ್ರೋಗ್ರಾಂ, ಅಮೆರಿಕದ್ದು 6. ಲ್ಯಾಬ್ 50ರಿಂದ ಮೇಲೆ ಮಾತ್ರ ಅಳೆಯೋದಾದ್ರೆ ರಿಪೋರ್ಟಲ್ಲಿ ಪತ್ತೆಯಾಗಿಲ್ಲ ಅಂತ ಬಂದ್ರೂ ಉಪಯೋಗ ಇಲ್ಲ.

ಜಾಸ್ತಿ ಕೆಡೋದು ಸ್ಯಾಂಪಲ್ ಹಿಡಿಯೋವಾಗ. ಬಾಟಲ್ ಲ್ಯಾಬಿಂದ್ಲೇ ತರಿಸಿ, ಕಂದು ಗಾಜಿಂದು, ಮುಚ್ಚಳದ ಒಳಗೆ ಟೆಫ್ಲಾನ್ ಇರೋದು. ಮನೇಲಿ ಜೇನಿನ ಗಾಜಿನ ಬಾಟಲ್ ಇದೆಯಲ್ಲ ಅಂತ ಅದಕ್ಕೆ ತುಂಬ್ಬೇಡಿ, ಅಂಥ ತಗಡಿನ ಮುಚ್ಚಳ ತಿರುಗಿಸಿ ನೋಡಿ, ಅಂಚಲ್ಲಿ ಉಗುರು ಒತ್ತಿದ್ರೆ ಇಳಿಯೋ ಮೆತ್ತನೆ ರಿಂಗ್ ಇರುತ್ತೆ, ಅದೂ ಸಾಮಾನ್ಯವಾಗಿ ಮೆತ್ತಗೆ ಮಾಡಿದ ಪಿವಿಸಿನೇ. ಕೈಗೆ ಕ್ರೀಮು ಸೆಂಟು ಏನೂ ಬೇಡ, ವಿನೈಲ್ ಗ್ಲೌಸ್ ಅಂತೂ ಬೇಡವೇ ಬೇಡ. ಲ್ಯಾಬಿನವರು ಬಾಟಲ್ ಒಳಗೆ ಏನಾದ್ರೂ ಪುಡಿ ಹಾಕಿ ಕೊಟ್ಟಿದ್ರೆ ಅದು ಬೇಕಾಗೇ ಹಾಕಿರೋದು, ತೊಳೀಬೇಡಿ.

ಒಂದೇ ಸ್ಯಾಂಪಲ್ ಕಳಿಸಿದ್ರೆ ನೀರಲ್ಲಿ ಇದೆಯೋ ಇಲ್ವೋ ಅಷ್ಟೇ ಗೊತ್ತಾಗೋದು, ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಒಂದನ್ನ ಒರತೆ ಹತ್ರಾನೇ ನೇರ ಹಿಡೀರಿ. ಇನ್ನೊಂದು ಮನೆ ನಲ್ಲೀಲಿ, ರಾತ್ರಿಯಿಡೀ ಬಂದ್ ಮಾಡಿಟ್ಟು ಬೆಳಗ್ಗೆ ಮೊದಲು ಬರೋ ನೀರು. ಜೊತೆಗೆ ಲ್ಯಾಬಿಂದ ಶುದ್ಧ ನೀರು ತುಂಬಿದ ಖಾಲಿ ಸ್ಯಾಂಪಲ್, ಅಂದ್ರೆ ಬ್ಲ್ಯಾಂಕ್ ಕೇಳಿ ಇಟ್ಕೊಳ್ಳಿ, ಅದರಲ್ಲೂ ಥಾಲೇಟ್ ಬಂದ್ರೆ ತಪ್ಪು ನಿಮ್ಮ ನೀರಿಂದಲ್ಲ. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಹಿಡಿದ್ರೆ ಒಳ್ಳೇದು, ಮಳೆಗಾಲದಲ್ಲಿ ತಣ್ಣಗೆ ರಭಸವಾಗಿ ಹರಿಯೋ ನೀರಲ್ಲಿ ಕಮ್ಮಿ ಕಾಣಬಹುದು. ಐಸ್ ಹಾಕಿ ಪ್ಯಾಕ್ ಮಾಡಿ ಅದೇ ದಿನ ಕಳಿಸಿ.

ಒರತೇಲಿ ಇಲ್ಲ, ನಲ್ಲೀಲಿ ಮಾತ್ರ ಇದೆ ಅಂತ ಬಂದ್ರೆ ಒಳ್ಳೇ ಸುದ್ದಿನೇ, ಮೆತ್ತನೆ ತುಂಡು ಕಿತ್ತು ಎಚ್‌ಡಿಪಿಇ ಹಾಕಿ ಜಾಯಿಂಟ್ ಮಾಡಿಸಿ. ಕುದಿಸಿದ್ರೆ ಡಿಇಎಚ್‌ಪಿ ಹೋಗಲ್ಲ, ಯುವಿ ಫಿಲ್ಟರಿಗೂ ಹೋಗಲ್ಲ (ಕ್ರಿಮಿಗೋಸ್ಕರ ಕುದಿಸೋದು ನಿಲ್ಲಿಸ್ಬೇಡಿ ಮತ್ತೆ). ಪೈಪ್ ಬದಲಾಯಿಸೋ ತನಕ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಕೆಲಸಕ್ಕೆ ಬರುತ್ತೆ, ಕಾರ್ಟ್ರಿಜ್ ಮಾತ್ರ ಟೈಮಿಗೆ ಸರಿಯಾಗಿ ಬದಲಾಯಿಸ್ಬೇಕು. ಪೈಪ್ ಹಾಕಿದ್ಮೇಲೆ ಮತ್ತೆ ಟೆಸ್ಟ್ ಮಾಡಿಸೋದಾದ್ರೆ ಅದೇ ನಲ್ಲಿ, ಅದೇ ಬೆಳಗಿನ ಹೊತ್ತು, ಅದೇ ಬೇಸಿಗೆ, ಇಲ್ದಿದ್ರೆ ಎರಡು ರಿಪೋರ್ಟ್ ಹೋಲಿಸೋಕೆ ಆಗಲ್ಲ.