ಫಿಲ್ಟರ್ ಎನ್ವಲಪ್: ಸಿಂತ್ ದನಿಯ ತೆರೆಯುವಿಕೆ, ಮುಚ್ಚುವಿಕೆ ಹೊಂದಿಸುವುದು ಹೇಗೆ

ಸಿಂತ್ (ಸಿಂಥಸೈಜರ್, ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ದನಿಯ ಒಂದು ಭಾಗವನ್ನು ಕತ್ತರಿಸುವುದು ಫಿಲ್ಟರ್; ಪ್ರತಿ ಸ್ವರಕ್ಕೂ ಅದನ್ನು ತೆರೆದು ಮುಚ್ಚುವುದು ಫಿಲ್ಟರ್ ಎನ್ವಲಪ್. ಅದನ್ನು ತಿರುಗಿಸಿದರೂ ದನಿ ಬದಲಾಗುತ್ತಿಲ್ಲವೇ? ಮೊದಲು ಕಟಾಫ್ ನಾಬ್ (ಫಿಲ್ಟರ್ ಎಲ್ಲಿಂದ ಕತ್ತರಿಸಬೇಕೆಂದು ಹೇಳುವುದು) ನೋಡಿ. ಅದು ಪೂರ್ತಿ ತೆರೆದಿದ್ದರೆ ಎನ್ವಲಪ್‌ಗೆ ಮೇಲೇರಲು ಜಾಗವೇ ಇರುವುದಿಲ್ಲ. ಎನ್ವಲಪ್ ಹೊರಡುವುದು ಕಟಾಫ್ ನಿಂತಲ್ಲಿಂದ. ಎಷ್ಟು ಎತ್ತರಕ್ಕೆ ಹೋಗಬೇಕೆಂದು ತೀರ್ಮಾನಿಸುವುದು ಅಮೌಂಟ್ ನಾಬ್. ಈ ಎರಡನ್ನೂ ಜೊತೆಯಾಗಿಯೇ ಹೊಂದಿಸಬೇಕು.

ಒಂದು ಸಾ ವೇವ್ (ಗರಗಸದ ಹಲ್ಲಿನಾಕಾರದ ತರಂಗ), 24 ಡಿಬಿ ಲೋ-ಪಾಸ್ ಫಿಲ್ಟರ್ (ಕಟಾಫ್‌ಗಿಂತ ಮೇಲಿನದನ್ನು ಕಡಿದಾಗಿ ಕತ್ತರಿಸುವಂಥದ್ದು) ಇಟ್ಟುಕೊಳ್ಳಿ. ಸೈನ್ ವೇವ್ ಬೇಡ, ಫಿಲ್ಟರ್ ಕತ್ತರಿಸಲು ಅದರಲ್ಲಿ ಮೂಲ ಸ್ವರದ ಮೇಲಿನ ಉಪಸ್ವರಗಳು, ಅಂದರೆ ಹಾರ್ಮೋನಿಕ್‌ಗಳಿಲ್ಲ. ಎನ್ವಲಪ್‌ಗೆ ನಾಲ್ಕು ಹಂತ: ಅಟ್ಯಾಕ್ (ಏರುವ ಸಮಯ), ಡಿಕೇ (ಏರಿದ ಮೇಲೆ ಇಳಿಯುವ ಸಮಯ), ಸಸ್ಟೇನ್ (ಕೀ ಒತ್ತಿರುವಷ್ಟು ಹೊತ್ತು ನಿಲ್ಲುವ ಮಟ್ಟ), ರಿಲೀಸ್ (ಬೆರಳೆತ್ತಿದ ಮೇಲೆ ಇಳಿಯುವ ಸಮಯ). ದನಿಯ ಜೋರನ್ನು ನಡೆಸುವ ಆಂಪ್ ಎನ್ವಲಪ್‌ನ ಸಸ್ಟೇನ್ ಪೂರ್ತಿ ಏರಿಸಿ. ಆಗ ಕೇಳಿಸುವ ಏರಿಳಿತವೆಲ್ಲ ಫಿಲ್ಟರಿನದೇ. ಅಮೌಂಟ್ ಸೊನ್ನೆಯಲ್ಲಿಟ್ಟು, ಕೆಳಗಿನ ಸ್ವರವೊಂದನ್ನು ಹಿಡಿದು, ದನಿ ಎಷ್ಟು ಮಂಕಾದರೆ ಸಾಕೋ ಅಲ್ಲಿಯವರೆಗೆ ಕಟಾಫ್ ಇಳಿಸಿ. ಬೇಸ್‌ಗಾದರೆ (ತಗ್ಗು ಸ್ವರದ ದನಿಗೆ) 200 ಹರ್ಟ್ಜ್ ಸುಮಾರು. ಈಗ ಫಿಲ್ಟರ್ ಎನ್ವಲಪ್‌ನ ಅಟ್ಯಾಕ್ 0, ಡಿಕೇ 300 ಮಿಲಿಸೆಕೆಂಡ್, ಸಸ್ಟೇನ್ 0 ಮಾಡಿ, ಸ್ವರವನ್ನು ಮತ್ತೆ ಮತ್ತೆ ಒತ್ತುತ್ತಾ ಅಮೌಂಟನ್ನು ಅರ್ಧದವರೆಗೆ ನಿಧಾನವಾಗಿ ಏರಿಸಿ. ತಂತಿ ಮೀಟಿದಂಥ ದನಿ ಹುಟ್ಟುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಡಿಕೇಗೆ. 80ರಿಂದ 150 ಮಿಲಿಸೆಕೆಂಡಿನಲ್ಲಿ ಬೇಸ್ ಬಿಗಿಯಾಗಿ ಕುಟ್ಟುತ್ತದೆ. ಒಂದು ಸೆಕೆಂಡ್ ದಾಟಿದರೆ ಉದ್ದನೆಯ ಜಾರಿಕೆ. ಸಸ್ಟೇನ್ ಪೂರ್ತಿ ಮೇಲಿದ್ದರೆ ಡಿಕೇ ಇದ್ದೂ ಇಲ್ಲದಂತೆ, ಏಕೆಂದರೆ ಇಳಿಯಲು ಅಂತರವೇ ಇಲ್ಲ. ಡಿಕೇ ಮುಗಿಯುವ ಮೊದಲೇ ಬೆರಳೆತ್ತಿದರೆ ಉಳಿದ ಇಳಿತ ರಿಲೀಸ್‌ನದು. ಅದು ಸೊನ್ನೆಯಲ್ಲಿದ್ದು ಆಂಪ್ ರಿಲೀಸ್ ಉದ್ದವಿದ್ದರೆ ದನಿಯ ಬಾಲ ತಟ್ಟನೆ ಮಂಕಾಗುತ್ತದೆ. ಎರಡನ್ನೂ ಸಮ ಮಾಡಿದರೆ ಸರಿಹೋಗುತ್ತದೆ. (1970ರ ಮಿನಿಮೂಗ್ ಸಿಂತ್‌ನಲ್ಲಿ ಪ್ರತ್ಯೇಕ ರಿಲೀಸ್ ನಾಬ್ ಇಲ್ಲ, ಡಿಕೇ ನಾಬೇ ಆ ಕೆಲಸವನ್ನೂ ಮಾಡುತ್ತದೆ, ಅದಕ್ಕೊಂದು ಸ್ವಿಚ್ ಇದೆ.)

ಹಿತ್ತಾಳೆ ವಾದ್ಯದ ದನಿಗೆ ಫಿಲ್ಟರ್ ಅಟ್ಯಾಕ್ 60ರಿಂದ 100 ಮಿಲಿಸೆಕೆಂಡ್, ಸಸ್ಟೇನ್ 60 ಪ್ರತಿಶತದ ಆಸುಪಾಸು. ಆಂಪ್ ಅಟ್ಯಾಕನ್ನು ಮಾತ್ರ 10 ಮಿಲಿಸೆಕೆಂಡಿನಲ್ಲೇ ಬಿಡಿ. ಎರಡನ್ನೂ ಉದ್ದ ಮಾಡಿದರೆ ಸ್ವರ ತಾಳಕ್ಕಿಂತ ಹಿಂದೆ ಬಿದ್ದಂತೆ ಕೇಳುತ್ತದೆ.

ರೆಸೊನೆನ್ಸ್ (ಕಟಾಫ್ ಸುತ್ತಲಿನ ದನಿಯನ್ನು ಎತ್ತುವುದು) ಕೊನೆಗೆ ಸೇರಿಸಿ. ಫಿಲ್ಟರಿನ ಚಲನೆ ಅದರಿಂದ ಎದ್ದು ಕೇಳುತ್ತದೆ, ಆದರೆ ಹಲವು ಫಿಲ್ಟರ್‌ಗಳಲ್ಲಿ ಬೇಸ್ ತೆಳುವಾಗುತ್ತದೆ. ಹಾಗಾದರೆ ಮೂರನೇ ಒಂದು ಭಾಗಕ್ಕೆ ನಿಲ್ಲಿಸುವುದೇ ಒಳ್ಳೆಯದು. ಮೇಲಿನ ಸ್ವರಗಳು ಮಂಕಾದರೆ ಕೀ ಟ್ರ್ಯಾಕಿಂಗ್ (ಸ್ವರ ಮೇಲೇರಿದಂತೆ ಕಟಾಫನ್ನೂ ಏರಿಸುವುದು) ಏರಿಸಿ. ವೆಲಾಸಿಟಿಯನ್ನು (ಕೀ ಒತ್ತಿದ ರಭಸವನ್ನು) ಅಮೌಂಟ್‌ಗೆ ಜೋಡಿಸುವುದನ್ನಂತೂ ಬಿಡಬೇಡಿ: ಗಟ್ಟಿಯಾಗಿ ಒತ್ತಿದ ಸ್ವರ ಬರೀ ಜೋರಾಗದೆ ಹೊಳಪನ್ನೂ ಪಡೆಯುತ್ತದೆ, ನುಡಿಸಾಣಿಕೆಗೆ ಜೀವ ಬರುವುದೇ ಅಲ್ಲಿ.

ಮೊನೊ ಪ್ಯಾಚ್‌ನಲ್ಲಿ (ಒಮ್ಮೆಗೆ ಒಂದೇ ಸ್ವರ ನುಡಿಯುವ ಹೊಂದಿಕೆಯಲ್ಲಿ) ಮೊದಲ ಸ್ವರಕ್ಕಷ್ಟೇ ಮೀಟಿನ ಸದ್ದು ಬಂದು ಮುಂದಿನವು ಮಂಕಾಗಿಯೇ ಉಳಿದರೆ ಲೆಗಾಟೊ ಆನ್ ಆಗಿದೆ ಎಂದರ್ಥ. ಅದರಲ್ಲಿ ಒಂದು ಕೀ ಬಿಡುವ ಮುನ್ನ ಇನ್ನೊಂದನ್ನು ಒತ್ತಿದಾಗ ಎನ್ವಲಪ್ ಮೊದಲಿಂದ ಶುರುವಾಗುವುದಿಲ್ಲ. ಪ್ರತಿ ಕೀಗೂ ಎನ್ವಲಪ್ ಹೊಸದಾಗಿ ಶುರುಮಾಡುವ ಮಲ್ಟಿ ಟ್ರಿಗರ್ ಆರಿಸಿ, ಇಲ್ಲವೇ ಸ್ವರಗಳ ನಡುವೆ ಬೆರಳೆತ್ತಿ ನುಡಿಸಿ.