ಆಸ್ಪತ್ರೆ ಭಾಷೆ ಕಲಿಯಬೇಕಾ? ಪದದ ಬಾಲ ಹಿಡಿಯಿರಿ

ನಮ್ಮ ದೊಡ್ಡಪ್ಪನಿಗೆ ಹರ್ನಿಯಾ ಆಪರೇಷನ್ ಇತ್ತು. ಮಂಚಕ್ಕೆ ‘ಎನ್‌ಬಿಎಂ’ ಎಂಬ ಚೀಟಿ ಅಂಟಿಸಿದ್ದರು. ವಾರ್ಡಿನ ಗುರುತೇನೋ ಇರಬೇಕು ಅಂದುಕೊಂಡು ನಾನು ಕ್ಯಾಂಟೀನಿನಿಂದ ಎರಡು ಇಡ್ಲಿ ತಂದು ತಿನ್ನಿಸಿಬಿಟ್ಟೆ. ಆಪರೇಷನ್ ಮರುದಿನಕ್ಕೆ ಹೋಯಿತು, ಸಿಸ್ಟರ್ ಕೈಲಿ ಬೈಗುಳ ಬೇರೆ. ಅದು ‘ನಥಿಂಗ್ ಬೈ ಮೌತ್’, ಬಾಯಿಗೆ ಏನೂ ಹಾಕಬೇಡಿ ಅಂತ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದುಬಿಡಬಹುದು, ಅದಕ್ಕೇ ಆ ಉಪವಾಸ.

ಪ್ಯಾರಾಮೆಡಿಕಲ್ ಕೋರ್ಸ್ ಸೇರುವ ಮಕ್ಕಳಿಗಾಗಲಿ, ರೋಗಿಯ ಪಕ್ಕ ಸ್ಟೂಲ್ ಮೇಲೆ ಕೂರುವ ನಮ್ಮಂಥವರಿಗಾಗಲಿ, ಈ ಭಾಷೆ ಕಲಿಯಲು ದಪ್ಪ ಪುಸ್ತಕ ಬೇಡ. ಮನೆಯ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಳೇ ಡಿಸ್ಚಾರ್ಜ್ ಸಮ್ಮರಿ ಇರುತ್ತದಲ್ವಾ, ಅದನ್ನು ತೆಗೆಯಿರಿ. ಅರ್ಥವಾಗದ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಾನು ಶುರು ಮಾಡಿದ್ದು ಅತ್ತೆಯ ಫೈಲಿನಿಂದ. ಮೊದಲ ಸಾಲಿನಲ್ಲೇ ‘ಲ್ಯಾಪರೊಸ್ಕೋಪಿಕ್ ಕೋಲಿಸಿಸ್ಟೆಕ್ಟಮಿ’ ಅಂತ ಇತ್ತು. ಗಾಬರಿಯಾಗಿ ಮುಚ್ಚಿಟ್ಟೆ.

ಈಗ ಬಾಲದ ವಿಷಯ. ಪದದ ಕೊನೆ ನೋಡಿದರೆ ಏನಾಗಿದೆ ಅಂತ ತಿಳಿಯುತ್ತದೆ. ‘ಐಟಿಸ್’ ಬಂದರೆ ಉರಿಯೂತ: ಟಾನ್ಸಿಲೈಟಿಸ್, ಅಪೆಂಡಿಸೈಟಿಸ್. ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆದದ್ದು. ‘ಸ್ಕೋಪಿ’ ಅಂದರೆ ಒಳಗೆ ಇಣುಕಿ ನೋಡಿದ್ದು. ‘ಆಸ್ಟಮಿ’ ಅಂದರೆ ಹೊಸದಾಗಿ ಬಾಯಿ ಮಾಡಿದ್ದು, ಟ್ರೇಕಿಯಾಸ್ಟಮಿಯಲ್ಲಿ ಕುತ್ತಿಗೆಗೆ ತೂತು ಮಾಡಿ ಉಸಿರಿಗೆ ದಾರಿ ಬಿಡುವ ಹಾಗೆ. ತಲೆಯ ಭಾಗ ಯಾವ ಅಂಗ ಅಂತ ಹೇಳುತ್ತದೆ. ಹೊಟ್ಟೆಗೆ ಗ್ಯಾಸ್ಟ್ರೊ, ಲಿವರಿಗೆ ಹೆಪಟೊ. ಗ್ಯಾಸ್ಟ್ರೊ ಮತ್ತು ಐಟಿಸ್ ಸೇರಿದರೆ ಗ್ಯಾಸ್ಟ್ರೈಟಿಸ್, ನಡುವಿನ ‘ಒ’ ಬಿದ್ದುಹೋಗುತ್ತದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದ ಹಾಗೆ! ಹೈಸ್ಕೂಲಿನ ಲೋಪಸಂಧಿ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. (ಅಂದ ಹಾಗೆ ‘ಗ್ಯಾಸ್ಟ್ರಿಕ್’ ಅನ್ನುವುದು ಕಾಯಿಲೆಯ ಹೆಸರೇ ಅಲ್ಲ, ‘ಹೊಟ್ಟೆಗೆ ಸಂಬಂಧಿಸಿದ’ ಅಂತ ಅಷ್ಟೇ. ನಮ್ಮಲ್ಲಿ ಮಾತ್ರ ಅದು ಮನೆಗೊಬ್ಬರಿಗೆ ಇರುತ್ತದೆ.)

ಅಂಗಗಳ ಹೆಸರು ಕಲಿಯಲು ಬೆಂಗಳೂರಿನ ಬೋರ್ಡುಗಳೇ ಸಾಕು. ಜಯದೇವದ ಹೆಸರಿನಲ್ಲಿ ‘ಕಾರ್ಡಿಯೊವ್ಯಾಸ್ಕುಲರ್’ ಇದೆ: ಹೃದಯ, ಜೊತೆಗೆ ರಕ್ತನಾಳ. ಕಿದ್ವಾಯಿಯಲ್ಲಿ ‘ಆಂಕಾಲಜಿ’: ಆಂಕೊ ಅಂದರೆ ಗಡ್ಡೆ. ವಿಕ್ಟೋರಿಯಾ ಆವರಣದಲ್ಲಿ ‘ನೆಫ್ರೊ ಯೂರಾಲಜಿ’ ಸಂಸ್ಥೆ ಇದೆ, ಹೆಸರಿನಲ್ಲೇ ಎರಡು ಬೇರೆ ಡಾಕ್ಟರುಗಳು. ನೆಫ್ರಾಲಜಿಸ್ಟ್ ಕಿಡ್ನಿಗೆ ಔಷಧಿ, ಡಯಾಲಿಸಿಸ್ ನೋಡುವವರು. ಯೂರಾಲಜಿಸ್ಟ್ ಕಲ್ಲು, ಪ್ರಾಸ್ಟೇಟ್ ಅಂಥದ್ದಕ್ಕೆ ಆಪರೇಷನ್ ಮಾಡುವವರು. ಇದು ಗೊತ್ತಿಲ್ಲದೆ ತಪ್ಪು ಕ್ಯೂನಲ್ಲಿ ಅರ್ಧ ದಿನ ನಿಲ್ಲುವವರು ಎಷ್ಟೋ ಜನ.

ಒಂದು ಕಡೆ ಮಾತ್ರ ಕಿವಿ ಚುರುಕಾಗಿರಲಿ. ‘ಹೈಪರ್’ ಅಂದರೆ ಜಾಸ್ತಿ, ‘ಹೈಪೊ’ ಅಂದರೆ ಕಮ್ಮಿ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ, ಚಿಕಿತ್ಸೆ ಮಾತ್ರ ಪೂರ್ತಿ ಉಲ್ಟಾ. ಹೈಪೊಗ್ಲೈಸೀಮಿಯಾ ಅಂದರೆ ಸಕ್ಕರೆ ಅಂಶ 70ಕ್ಕಿಂತ ಇಳಿದದ್ದು, ಆಗ ಎಚ್ಚರವಿರುವ ರೋಗಿಗೆ ತಕ್ಷಣ ಸಿಹಿ ಕೊಡಬೇಕು.

ಆಮೇಲೆ ಔಷಧಿ ಚೀಟಿ. 1-0-1 ಎಲ್ಲರಿಗೂ ಗೊತ್ತು. ‘ಒಡಿ’ (OD) ಅಂದರೆ ದಿನಕ್ಕೊಂದು ಸಲ, ‘ಬಿಡಿ’ (BD) ಎರಡು ಸಲ, ‘ಟಿಡಿಎಸ್’ ಮೂರು ಸಲ, ‘ಎಚ್‌ಎಸ್’ ಮಲಗುವಾಗ. ಎಸ್‌ಒಎಸ್ ನೋಡಿ ಹೆದರಬೇಡಿ, ‘ಬೇಕೆನಿಸಿದರೆ ಮಾತ್ರ’ ಅಂತ ಅರ್ಥ. ಕಣ್ಣಿನ ಆಸ್ಪತ್ರೆಯಲ್ಲಿ ‘ಒಡಿ’ ಅಂದರೆ ಬಲಗಣ್ಣು ಕೂಡ ಆಗಬಹುದು, ಅನುಮಾನವಿದ್ದರೆ ಫಾರ್ಮಸಿಸ್ಟನ್ನು ಕೇಳಿಬಿಡಿ.

ಕೊನೆಗೆ ಜನ. ಬಿಳಿ ಕೋಟು ಹಾಕಿದವರೆಲ್ಲ ಒಂದೇ ಅಲ್ಲ. ಹೌಸ್ ಸರ್ಜನ್ ಅಂದರೆ ದೊಡ್ಡ ಸರ್ಜನ್ ಅಲ್ಲ, ಎಂಬಿಬಿಎಸ್‌ನ ನಾಲ್ಕೂವರೆ ವರ್ಷದ ಓದು ಮುಗಿಸಿ ಒಂದು ವರ್ಷದ ತರಬೇತಿಯಲ್ಲಿರುವವರು. ಪಿಜಿ ಅಂದರೆ ಆಗಲೇ ಡಾಕ್ಟರ್ ಆಗಿ ಮೂರು ವರ್ಷದ ಎಂಡಿ ಅಥವಾ ಎಂಎಸ್ ಓದುತ್ತಿರುವವರು. ರಾತ್ರಿ ಎರಡು ಗಂಟೆಗೆ ನಿಮಗೆ ಸಿಗುವುದು ಇವರೇ. ಸಿಸ್ಟರ್‌ಗಳಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿದವರು ಮೂರು ವರ್ಷ, ಬಿಎಸ್‌ಸಿ ನರ್ಸಿಂಗ್‌ನವರು ನಾಲ್ಕು ವರ್ಷ ಕಲಿತು ಬಂದಿರುತ್ತಾರೆ. ಎಕ್ಸ್‌ರೇ ತೆಗೆಯುವವರು ಟೆಕ್ನಿಷಿಯನ್, ಅದನ್ನು ಓದಿ ರಿಪೋರ್ಟ್ ಬರೆಯುವವರು ರೇಡಿಯಾಲಜಿಸ್ಟ್ ಎಂಬ ಡಾಕ್ಟರು. ‘ಏನಾಗಿದೆ ಹೇಳಿ ಸಾರ್’ ಅಂತ ಟೆಕ್ನಿಷಿಯನ್ ಬೆನ್ನು ಹತ್ತಿದರೆ ಪಾಪ ಅವರೇನು ಹೇಳಿಯಾರು? ನಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿಸ್ಟ್ ಡಾಕ್ಟರು, ಮಾತ್ರೆ ಬರೆಯುತ್ತಾರೆ. ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುವವರು. 108ರಲ್ಲಿ ಬಂದು ಮೊದಲ ಚಿಕಿತ್ಸೆ ಕೊಡುವವರು ಇಎಂಟಿ, ಡ್ರೈವರನ್ನು ಅಲ್ಲಿ ಕರೆಯುವುದು ‘ಪೈಲಟ್’. ಹಳ್ಳಿಯಲ್ಲಾದರೆ ಇವರೆಲ್ಲರಿಗಿಂತ ಮೊದಲು ಮನೆ ಬಾಗಿಲಿಗೆ ಬರುವುದು ಆಶಾ ಅಕ್ಕ, ಅದೂ ಸಂಬಳಕ್ಕಲ್ಲ, ಗೌರವಧನಕ್ಕೆ.

ಇನ್ನು ನಮ್ಮ ಅತ್ತೆಯ ಫೈಲು. ಎಕ್ಟಮಿ, ತೆಗೆದದ್ದು. ಸಿಸ್ಟ್, ಚೀಲ. ಕೋಲಿ, ಪಿತ್ತ. ಪಿತ್ತದ ಚೀಲ ತೆಗೆದಿದ್ದಾರೆ. ಮುಂದಿನ ‘ಲ್ಯಾಪರೊಸ್ಕೋಪಿಕ್’ ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ. ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದರೆ, ‘ಅಷ್ಟೇನಾ, ಆ ಡಾಕ್ಟ್ರು ಕಲ್ಲಿತ್ತು ತೆಗೆದ್ವಿ ಅಂತ ಆವತ್ತೇ ಹೇಳಿದ್ರಲ್ಲೋ’ ಅಂದರು.